ಮಡಿಕೆ ಕಟ್ಟಿದ್ದು ನಾವು

ಕಾಲೇಜಿನ ಹಿಂದಿನ ಗೇಟಿನ ರಸ್ತೆಯಲ್ಲಿ, ಜೆರಾಕ್ಸ್ ಅಂಗಡಿ ದಾಟಿ ಎರಡನೇ ತಿರುವಿನಲ್ಲಿ ಒಂದು ಮಹಡಿ ಮನೆ ಇದೆ. ಸಂಜೆ ಹೊತ್ತು ಆ ಕಡೆ ನಡೆದು ಹೋಗಿದ್ದರೆ ಮೇಲಿಂದ ಕಿಚಿಪಿಚಿ ಸದ್ದು ಕೇಳಿರ್ತೀರಿ. ಅದು ನಮ್ಮ ರೂಮು. ನಾವು ನಾಲ್ಕು ಜನ. ಒಬ್ಬ ಹುಬ್ಬಳ್ಳಿ ಕಡೆಯ ಮೆಕ್ಯಾನಿಕಲ್, ಒಬ್ಬ ಮಂಗಳೂರಿನ ಸಿವಿಲ್, ಒಬ್ಬ ಹಾಸನದ ಇ ಅಂಡ್ ಸಿ, ಇನ್ನೊಬ್ಬ ಬೆಂಗಳೂರಿನ ಸಿಎಸ್. ನಮ್ಮ ಜೊತೆ ಮೂರು ಹಕ್ಕಿಗಳೂ ಇವೆ. ಮೊದಲು ಅವೂ ನಾಲ್ಕಿದ್ದವು.

ನಾಲ್ಕು ಹೇಗೆ ಮೂರಾಯ್ತು ಅನ್ನೋದನ್ನ ಬರೀಬೇಕು ಅಂತ ಒಂದು ವರ್ಷದಿಂದ ಅಂದುಕೊಳ್ತಾನೇ ಇದ್ವಿ. ಈ ಸಂಚಿಕೆಗಾದ್ರೂ ಕೊಡಿ ಅಂತ ಸಂಘದವರು ಬೆನ್ನು ಬಿದ್ದರು. ಸರಿ, ಕೂತು ಬರೆದಿದ್ದೀವಿ. ಓದುವಾಗ ಮೊದಲರ್ಧ ನಗು ಬರಬಹುದು. ನಗಿ, ಪರವಾಗಿಲ್ಲ. ನಾವೂ ನಕ್ಕಿದ್ವಿ.

ಐದನೇ ಸೆಮಿಸ್ಟರ್ ಶುರುವಾದ ಆಗಸ್ಟ್ ತಿಂಗಳು. ಸಿವಿಲ್‌ನವನಿಗೆ ಗಿಳಿ ಸಾಕುವ ಆಸೆ. ಅವನ ಅಜ್ಜಿ ಮನೆಯಲ್ಲಿ ಹಿಂದೆ ಒಂದಿತ್ತಂತೆ, ಬಂದವರನ್ನೆಲ್ಲ ಹೆಸರಿಡಿದು ಕರೀತಿತ್ತಂತೆ. ಪೇಟೆಯ ಅಂಗಡಿಗೆ ಹೋಗಿ ಕೇಳಿದ್ರೆ ಅಂಗಡಿಯವನು ಆಚೀಚೆ ನೋಡಿ, "ಆ ಹೆಸರು ಎತ್ತಬೇಡಿ ತಮ್ಮಾ, ಕೇಸಾಗುತ್ತೆ" ಅಂದ. ನಿಜ. ನಮ್ಮ ನಾಡಿನ ಗಿಳಿಗಳನ್ನು ಹಿಡಿಯೋದು, ಮಾರೋದು, ಪಂಜರದಲ್ಲಿ ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. "ಲವ್ ಬರ್ಡ್ಸ್ ತಗೊಳ್ಳಿ, ಅದಕ್ಕೇನೂ ತೊಂದರೆ ಇಲ್ಲ" ಅಂತ ಇನ್ನೊಂದು ಪಂಜರ ತೋರಿಸಿದ. ಅದರೊಳಗೆ ಇಪ್ಪತ್ತು ಮೂವತ್ತು ಪುಟ್ಟ ಹಕ್ಕಿಗಳು ಒಂದರ ಮೇಲೊಂದು ಕೂತಿದ್ದವು.

ನಮ್ಮೂರುಗಳಲ್ಲಿ ಎಲ್ಲರೂ ಲವ್ ಬರ್ಡ್ಸ್ ಅನ್ನೋದು ಬಜರಿಗರ್ ಅನ್ನುವ ಹಕ್ಕಿಯನ್ನ. ಸಾಕುವವರ ಬಾಯಲ್ಲಿ ಬಜ್ಜಿ. (ಹೌದು, ಮಿರ್ಚಿ ಬಜ್ಜಿ ಜೋಕುಗಳೆಲ್ಲ ಮೊದಲ ವಾರದಲ್ಲೇ ಮುಗಿದವು.) ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಗಿಡ್ಡ ಬಾಲ, ದಪ್ಪ ಕೊಕ್ಕು. ಬಜ್ಜಿ ಆಸ್ಟ್ರೇಲಿಯಾದ ಒಣ ಒಳನಾಡಿನದ್ದು, ಉದ್ದ ಬಾಲದ ಪುಟ್ಟ ಗಿಳಿ. ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ 1840ರಲ್ಲಿ ಜೀವಂತ ಹಕ್ಕಿಗಳನ್ನ ಇಂಗ್ಲೆಂಡಿಗೆ ತಂದ. ಅಲ್ಲಿಂದ ಮನೆಮನೆಯ ಪಂಜರ ಸೇರಿ ಬಣ್ಣ ಬಣ್ಣದ ತಳಿಗಳಾಯ್ತು. ಕಾಡಿನಲ್ಲಿರೋದು ಮಾತ್ರ ಇವತ್ತಿಗೂ ಹಸಿರು ಮೈ, ಹಳದಿ ಮುಖ.

ನಾವು ಮರಿಗಳನ್ನೇ ಕೇಳಿದ್ವಿ. ಮರಿ ಗುರುತಿಸೋದು ಸುಲಭ. ಹಣೆ ಮೇಲಿನ ಕಪ್ಪು ಗೆರೆಗಳು ಕೊಕ್ಕಿನ ಬುಡದ ತನಕ ಇಳಿದಿರುತ್ತವೆ, ಕಣ್ಣು ಪೂರ್ತಿ ಕಪ್ಪು. ಮೂರ್ನಾಲ್ಕು ತಿಂಗಳಿಗೆ ಮೊದಲ ಸಲ ಗರಿ ಉದುರಿಸಿದಾಗ ಹಣೆಯ ಗೆರೆ ಹಿಂದೆ ಸರಿಯುತ್ತವೆ. ಆಮೇಲೆ ನಿಧಾನಕ್ಕೆ ಕಣ್ಣಿನ ಪಾಪೆ ಸುತ್ತ ಬಿಳಿ ಉಂಗುರ ಬರುತ್ತದೆ. ಅಂಗಡಿಯವನು ಬಲೆ ಹಾಕಿ ಅಕ್ಕಪಕ್ಕ ಕೂತಿದ್ದ ಎರಡನ್ನ ಹಿಡಿದ, "ಇದೊಂದು ಜೋಡಿ." ಇನ್ನೊಂದು ಮೂಲೆಯಲ್ಲಿ ಒತ್ತಿಕೊಂಡಿದ್ದ ಎರಡನ್ನ ಹಿಡಿದ, "ಇದೊಂದು ಜೋಡಿ." ಜೋಡಿ ಅಂತ ಹೇಗೆ ಗೊತ್ತಾಯ್ತು ಅಂತ ನಾವು ಕೇಳಲಿಲ್ಲ.

ರೂಮಿಗೆ ತಂದು ನಾಮಕರಣ ಮಾಡಿದ್ವಿ. ಹಳದಿಯದು ಚಿತ್ರಾನ್ನ. ಬಿಳಿಯದು ಚಟ್ನಿ. ಹಸಿರು ಪುದೀನ. ನೀಲಿಯದಕ್ಕೆ ಮೆಸ್ಸಿನ ಮೆನುವಿನಲ್ಲಿ ಏನೂ ಸಿಗಲಿಲ್ಲ, ಇಂಕು ಅಂತ ಇಟ್ವಿ.

ಅಂಗಡಿಯವನೇ ಕೊಟ್ಟಿದ್ದ ಪಂಜರ ಗುಂಡಗೆ, ಎತ್ತರಕ್ಕೆ, ಮೇಲೆ ಗುಮ್ಮಟದ ಹಾಗೆ ಇತ್ತು. ನೋಡೋಕೆ ಚಂದ. ಎರಡು ವಾರ ಅದರಲ್ಲೇ ಇಟ್ವಿ. ದಿನಾ ಕಿತ್ತಾಟ. ಕಾಳಿನ ಬಟ್ಟಲು ಒಂದೇ, ಕೂರೋ ಕಡ್ಡಿ ಎರಡೇ, ಹಾರೋಕೆ ಜಾಗವೇ ಇಲ್ಲ. ಹಕ್ಕಿ ಹೆಲಿಕಾಪ್ಟರ್ ಅಲ್ಲವಲ್ಲ, ನೆಟ್ಟಗೆ ಮೇಲೆ ಕೆಳಗೆ ಹಾರೋದಿಲ್ಲ. ಅದಕ್ಕೆ ಅಡ್ಡ ಉದ್ದ ಬೇಕು. ಒಂದು ದಿನ ಓನರ್ ಆಂಟಿ ಒಗೆದ ಬಟ್ಟೆ ಒಣಹಾಕೋಕೆ ಮೇಲೆ ಬಂದವರು ನಿಂತು ನೋಡಿ, "ನಾಲ್ಕು ಜನ ಒಂದು ರೂಮಲ್ಲಿ ಇದೀವಿ ಅಂತ ನನ್ನ ಹತ್ರ ಬಾಡಿಗೆ ಕಮ್ಮಿ ಮಾಡಿಸ್ಕೊಂಡ್ರಲ್ಲೋ. ಇವಕ್ಕೆ ಯಾರು ಕಮ್ಮಿ ಮಾಡ್ತಾರೆ?" ಅಂದು ಹೋದರು.

ಮೆಕ್ಯಾನಿಕಲ್‌ನವನಿಗೆ ಅದು ತಾಗಿತು. ಗುಜರಿಯಿಂದ ಅಲ್ಯೂಮಿನಿಯಂ ಆಂಗಲ್ ತಂದ, ಹಾರ್ಡ್‌ವೇರ್ ಅಂಗಡಿಯಿಂದ ಅರ್ಧ ಇಂಚಿನ ವೆಲ್ಡ್ ಮೆಶ್. ಕಂಡಿ ಅದಕ್ಕಿಂತ ದೊಡ್ಡದಾದ್ರೆ ಮರಿ ತಲೆ ತೂರಿಸಿ ಸಿಕ್ಕಿಹಾಕಿಕೊಳ್ಳುತ್ತೆ. ಹೊಸ ಮೆಶ್‌ನ ಸತುವಿನ ಲೇಪನವನ್ನು ಹಕ್ಕಿ ಕೊಕ್ಕಿನಿಂದ ಕೆರೆದು ತಿಂದರೆ ವಿಷ. ಅದಕ್ಕೆ ವಿನೆಗರ್ ಹಾಕಿ ಬ್ರಷ್‌ನಿಂದ ಉಜ್ಜಿ, ತೊಳೆದು, ಎರಡು ದಿನ ಬಿಸಿಲಲ್ಲಿ ಇಟ್ವಿ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಕೂರೋಕೆ ಆಂಟಿ ಹಿತ್ತಲಿನ ಸೀಬೆ ಮರದ ಕೊಂಬೆಗಳು, ಒಂದೊಂದು ಒಂದೊಂದು ದಪ್ಪ. ಒಂದೇ ದಪ್ಪದ ನುಣುಪು ಕಡ್ಡಿ ಆದ್ರೆ ಪಾದದ ಒಂದೇ ಜಾಗಕ್ಕೆ ಭಾರ ಬಿದ್ದು ಹುಣ್ಣಾಗುತ್ತೆ. ಕಾಳಿನ ಬಟ್ಟಲು ಎರಡು, ನೀರಿನದು ಎರಡು, ದೂರ ದೂರಕ್ಕೆ. ಆ ದಿನವೇ ಜಗಳ ಅರ್ಧಕ್ಕೆ ಇಳಿಯಿತು.

ಪಂಜರವನ್ನ ಮೊದಲು ಅಡುಗೆ ಕಟ್ಟೆ ಪಕ್ಕ ಇಡೋಣ ಅಂದುಕೊಂಡಿದ್ವಿ. ಸಿಎಸ್‌ನವನು ಎಲ್ಲೋ ಓದಿ ಬಂದು ತಡೆದ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಅದರ ಲೇಪನದಿಂದ ಬರುವ ಹೊಗೆ ಹಕ್ಕಿಗಳನ್ನ ನಿಮಿಷಗಳಲ್ಲಿ ಕೊಲ್ಲಬಹುದು. ನಮ್ಮ ದೋಸೆ ತವಾ ನಾನ್‌ಸ್ಟಿಕ್ಕೇ. ತವಾ ಕೆಳಗೆ ಆಂಟಿ ಮನೆಗೆ ಹೋಯ್ತು, ಅವರ ಕಬ್ಬಿಣದ ಕಾವಲಿ ಮೇಲೆ ಬಂತು. ಪಂಜರ ಓದುವ ಮೇಜಿನ ಪಕ್ಕದ ಗೋಡೆಗೆ ಒರಗಿತು. ಈ ಮೇಜಿನ ವಿಷಯ ನೆನಪಿಟ್ಟುಕೊಳ್ಳಿ.

ಸೆಪ್ಟೆಂಬರ್, ಅಕ್ಟೋಬರ್ ಪೂರ್ತಿ ನಮಗೆ ಸಿನಿಮಾ ಬೇಕಾಗಲಿಲ್ಲ. ಇಂಕು ಮತ್ತು ಪುದೀನ, ಅಂಗಡಿಯವನ ಮೊದಲ ಜೋಡಿ, ಇಡೀ ದಿನ ಅಂಟಿಕೊಂಡೇ ಇರ್ತಿದ್ದವು. ಇಂಕು ತಲೆಯನ್ನ ಮೇಲೆ ಕೆಳಗೆ ಪಟಪಟ ಆಡಿಸಿ, ಕೊಕ್ಕಿಗೆ ಕೊಕ್ಕು ಬಡಿದು, ಕೊನೆಗೆ ಬಾಯಿಗೆ ಬಾಯಿ ಇಡ್ತಿತ್ತು. ಪಕ್ಕದ ರೂಮಿನವರು ವಿಡಿಯೋ ಮಾಡಿ ಸ್ಟೇಟಸ್ ಹಾಕಿದರು. ನಾವೆಲ್ಲ "ಕಿಸ್, ಕಿಸ್" ಅಂತ ಕೂಗ್ತಿದ್ರೆ ಸಿವಿಲ್‌ನವನು ಹತ್ತಿರ ಹೋಗಿ ನೋಡಿ, "ಕಿಸ್ ಅಲ್ಲ ಮಾರಾಯ, ಅದು ವಾಂತಿ ಮಾಡ್ತಾ ಉಂಟು!" ಅಂದ. ಅವನು ಹೇಳಿದ್ದೂ ಒಂದು ರೀತಿ ಸರಿಯೇ. ಗಂಡು ಬಜ್ಜಿ ತಿಂದ ಕಾಳನ್ನ ಮತ್ತೆ ಮೇಲಕ್ಕೆ ತಂದು ತನ್ನ ಜೋಡಿಗೆ ಉಣಿಸುತ್ತೆ. ಮುಂದೆ ಹೆಣ್ಣು ಮೊಟ್ಟೆ ಮೇಲೆ ಕೂತಾಗ, ಮರಿ ಮಾಡಿದಾಗ, ಗಂಡೇ ಹೀಗೆ ಉಣಿಸಬೇಕು. ಪ್ರಣಯದ ಕಾಲದ ಈ ಉಣಿಸೋದು "ನನಗೆ ಸಾಕೋ ತಾಕತ್ತಿದೆ ನೋಡು" ಅಂತ ತೋರಿಸೋ ಡೆಮೋ ಇದ್ದ ಹಾಗೆ.

ಅತ್ತ ಚಿತ್ರಾನ್ನ, ಚಟ್ನಿ ಇನ್ನೊಂದು ಜೋಡಿ. ಅವುಗಳದ್ದು ಸದ್ದುಗದ್ದಲವಿಲ್ಲದ ಸಂಸಾರ. ಪಕ್ಕಪಕ್ಕ ಕೂತು ಒಂದರ ತಲೆಯ ಗರಿ ಇನ್ನೊಂದು ಕೆದಕೋದು, ಆಗಾಗ ಸಣ್ಣ ಜಗಳ. "ಇವು ಹಳೇ ಗಂಡ ಹೆಂಡತಿ ಕಣ್ರೋ" ಅಂತ ಆಂಟಿ ಸರ್ಟಿಫಿಕೇಟ್ ಕೊಟ್ಟಿದ್ದರು.

ನವೆಂಬರಿನಲ್ಲಿ ಎಲ್ಲ ತಲೆಕೆಳಗಾಯ್ತು. ಬಜ್ಜಿಗಳಲ್ಲಿ ಗಂಡು ಹೆಣ್ಣು ಗೊತ್ತಾಗೋದು ಕೊಕ್ಕಿನ ಮೇಲೆ ಮೂಗಿನ ಹೊಳ್ಳೆಗಳಿರುವ ಸಣ್ಣ ಮಾಂಸದ ಪಟ್ಟಿಯಿಂದ. ಅದಕ್ಕೆ ಸೀರ್ ಅಂತಾರೆ. ಮರಿಯಲ್ಲಿ ಎಲ್ಲದಕ್ಕೂ ಹೆಚ್ಚುಕಮ್ಮಿ ತಿಳಿ ಗುಲಾಬಿಯೋ ನಸುನೀಲಿಯೋ ಇರುತ್ತೆ. ಬೆಳೆದ ಮೇಲೆ ಸಾಮಾನ್ಯವಾಗಿ ಗಂಡಿನದು ಗಾಢ ನೀಲಿ, ಹೆಣ್ಣಿನದು ಬಿಳಿಚು ಅಥವಾ ಕಂದು. ಇಂಕುವಿನ ಪಟ್ಟಿ ನೀಲಿಯಾಯ್ತು, ಸರಿ. ಒಂದು ವಾರದ ಮೇಲೆ ಪುದೀನನ ಪಟ್ಟಿಯೂ ನೀಲಿಯಾಯ್ತು. ಚಿತ್ರಾನ್ನದ್ದೂ ಚಟ್ನಿಯದ್ದೂ ಎರಡೂ ಕಂದು ತಿರುಗಿದವು. ಅಂದ್ರೆ ಅಂಗಡಿಯವನ ಮೊದಲ ಜೋಡಿ ಎರಡೂ ಗಂಡು, ಎರಡನೇ ಜೋಡಿ ಎರಡೂ ಹೆಣ್ಣು. ಮೂರು ತಿಂಗಳು ನಾವು ನೋಡಿದ ಪ್ರೇಮಕಥೆಗೆ ಹೀರೋಯಿನ್ನೇ ಇರಲಿಲ್ಲ.

"ಹೀಂಗೂ ಇರ್ತದೇನಲೇ?" ಅಂತ ಮೆಕ್ಯಾನಿಕಲ್‌ನವನು ಬೆರಗಾದ. ಇರುತ್ತದೆ. ಹಿಂಡಿನಲ್ಲಿ ಬದುಕುವ ಹಕ್ಕಿ ಅದು. ಎಳೆ ಗಂಡುಗಳು ಒಂದಕ್ಕೊಂದು ತಲೆ ಆಡಿಸೋದು, ಉಣಿಸೋದು, ಹಾಡೋದು ಮಾಮೂಲು. ಅದು ಸ್ನೇಹವೂ ಹೌದು, ಅಭ್ಯಾಸವೂ ಹೌದು. ಜೋಡಿ ಅಂತ ಹೆಸರಿಟ್ಟು, ಗಂಡ ಹೆಂಡತಿ ಪಾತ್ರ ಹಂಚಿದ್ದು ನಾವು. ಹಕ್ಕಿಗಳು ತಮ್ಮ ಪಾಡಿಗೆ ಬೆಳೀತಾ ಇದ್ದವು.

ಇದಾದ ಮೇಲೆ ನಿಜವಾದ ಪ್ರಣಯ ಶುರುವಾಯ್ತು. ಇಂಕು ಒಂದು ದಿನ ಪುದೀನನನ್ನ ಬಿಟ್ಟು ಚಿತ್ರಾನ್ನದ ಪಕ್ಕ ಹೋಗಿ ಕೂತಿತು. ಹಣೆ, ಗಂಟಲಿನ ಗರಿ ಉಬ್ಬಿಸಿತು. ಕಣ್ಣಿನ ಪಾಪೆ ಚುಕ್ಕಿಯಷ್ಟು ಸಣ್ಣದಾಗಿ ಬಿಳಿ ಉಂಗುರ ಎದ್ದು ಕಂಡಿತು. ತಲೆ ಆಡಿಸ್ತಾ, ಕೊಂಬೆ ಮೇಲೆ ಟಕ್ ಟಕ್ ಕುಟ್ಟುತ್ತಾ, ಎರಡು ಹೆಜ್ಜೆ ಹತ್ತಿರ, ಒಂದು ಹೆಜ್ಜೆ ದೂರ. ಬಾಯಿಂದ ನಿಲ್ಲದ ಹಾಡು, ಕೀಲಿಗೆ ಎಣ್ಣೆ ಬಿಡದ ಬಾಗಿಲನ್ನ ಯಾರೋ ತಾಳಕ್ಕೆ ಸರಿಯಾಗಿ ತೆಗೆದು ಹಾಕಿದ ಹಾಗೆ. ಚಿತ್ರಾನ್ನ ಕೊಕ್ಕು ತೆರೆದು ಒಂದು ಸಲ ಗದರಿತು. ಇಂಕು ಹಿಂದೆ ಸರಿದು ಮತ್ತೆ ಬಂತು. ಹೀಗೇ ಹತ್ತು ದಿನ. ಆಮೇಲೆ ಒಂದು ಸಂಜೆ ಚಿತ್ರಾನ್ನ ತಲೆ ಓರೆ ಮಾಡಿ ಇಂಕುವಿನ ಕೊಕ್ಕಿನಿಂದ ಕಾಳು ತಗೊಂಡಿತು. ನಾವು ನಾಲ್ಕೂ ಜನ ಉಸಿರು ಬಿಗಿ ಹಿಡಿದು ನೋಡ್ತಿದ್ವಿ. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಸೀನಿಯರ್ ಹೆಸರು ಕರೆದಾಗಲೂ ಅಷ್ಟು ಕೂಗಿರಲಿಲ್ಲ.

ಹೆಣ್ಣು ಏನನ್ನ ನೋಡಿ ಒಪ್ಪುತ್ತೆ ಅನ್ನೋದಕ್ಕೆ ಸಂಶೋಧನೆಗಳೇ ನಡೆದಿವೆ. ಬಜ್ಜಿ ತಲೆಯ ಹಳದಿ ಗರಿ ಅತಿನೇರಳೆ ಬೆಳಕು ಬಿದ್ದರೆ ಪ್ರತಿದೀಪ್ತಿಯಿಂದ ಮಿನುಗುತ್ತೆ. ಆ ಮಿನುಗನ್ನ ತಗ್ಗಿಸಿದ್ರೆ ಎದುರಿನ ಹಕ್ಕಿಯ ಆಸಕ್ತಿಯೂ ತಗ್ಗುತ್ತೆ ಅಂತ 2002ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದಿತ್ತು. ಅದೇ ಪತ್ರಿಕೆಯಲ್ಲಿ 2019ರಲ್ಲಿ ಬಂದ ಪ್ರಯೋಗ ನಮ್ಮಂಥವರಿಗೆ ಇನ್ನೂ ಖುಷಿ ಕೊಡೋದು. ಹೆಣ್ಣಿಗೆ ಎರಡು ಗಂಡುಗಳನ್ನ ತೋರಿಸಿ ಯಾವುದರ ಬಳಿ ಹೆಚ್ಚು ಹೊತ್ತು ಇರುತ್ತೆ ಅಂತ ನೋಡಿದರು. ಅದಕ್ಕೆ ಬೇಡವಾಗಿದ್ದ ಗಂಡಿಗೆ, ಕಾಳು ತುಂಬಿದ ಡಬ್ಬಿಯ ಮುಚ್ಚಳ ತೆಗೆಯೋದನ್ನ ಕಲಿಸಿದರು. ಅದು ಸಲೀಸಾಗಿ ಡಬ್ಬಿ ತೆರೆಯೋದು, ಮೊದಲು ಇಷ್ಟವಾಗಿದ್ದ ಗಂಡು ತೆರೆಯಲಾರದೆ ಒದ್ದಾಡೋದು, ಎರಡನ್ನೂ ನೋಡಿದ ಮೇಲೆ ಹೆಚ್ಚಿನ ಹೆಣ್ಣುಗಳು ಡಬ್ಬಿ ತೆರೆದವನ ಕಡೆ ವಾಲಿದವು. ಪ್ರಾಬ್ಲಂ ಸಾಲ್ವಿಂಗ್ ಕಲಿತವನಿಗೆ ಮರ್ಯಾದೆ ಇದೆ ಅಂತ ಇದನ್ನ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ವಿ. ಇಂಕುವಿಗೆ ಹಳದಿ ಮುಖವೂ ಇರಲಿಲ್ಲ, ಡಬ್ಬಿ ತೆರೆಯೋಕೂ ಬರ್ತಿರಲಿಲ್ಲ. ಅದಕ್ಕಿದ್ದದ್ದು ಹಟ ಒಂದೇ.

ಇದೇ ಹೊತ್ತಿಗೆ ಇ ಅಂಡ್ ಸಿಯವನಿಗೆ ಸಿಗ್ನಲ್ ಪ್ರೊಸೆಸಿಂಗ್ ಮಿನಿ ಪ್ರಾಜೆಕ್ಟು. ಎಲ್ಲರೂ ಮನುಷ್ಯರ ದನಿ ತಗೊಂಡ್ರೆ ಇವನು ನಮ್ಮ ಹಕ್ಕಿಗಳ ಕೂಗು ರೆಕಾರ್ಡ್ ಮಾಡಿದ. ಬಜ್ಜಿಗೆ ಹಾಡು ಬೇರೆ, ಕರೆ ಬೇರೆ. ಒಂದನ್ನೊಂದು "ಎಲ್ಲಿದ್ದೀಯ" ಅಂತ ಕೇಳುವ ಕರೆ ಬಲು ಸಣ್ಣದು, ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಎರಡು ಮೂರು ಭಾಗ. ಸ್ಪೆಕ್ಟ್ರೋಗ್ರಾಂ ತೆಗೆದು ನೋಡಿದ್ರೆ ಒಂದೊಂದು ಹಕ್ಕಿಯ ಕರೆಗೂ ಒಂದೊಂದು ಆಕಾರ. ಚಿತ್ರಾನ್ನದ ಕರೆ ಬೆಟ್ಟ ಹತ್ತಿ ಇಳಿದು ಮತ್ತೆ ಚೂರು ಹತ್ತಿದ ಹಾಗಿತ್ತು. ಇಂಕುವಿನದು ನೇರವಾಗಿ ಇಳಿಯೋ ಗೆರೆ. ಆ ಫೈಲುಗಳು ಪ್ರಾಜೆಕ್ಟ್ ಫೋಲ್ಡರಿನಲ್ಲಿ ಉಳಿದವು.

ಡಿಸೆಂಬರಿನಲ್ಲಿ ಕಾಳು ತರೋಕೆ ಹೋದಾಗ ಅಂಗಡಿಯವನು ತೂತಿರುವ ಒಂದು ಪುಟ್ಟ ಮಣ್ಣಿನ ಮಡಿಕೆ ಕೊಟ್ಟ. "ಕಟ್ಟಿ ನೋಡಿ, ತಿಂಗಳೊಳಗೆ ಮರಿ" ಅಂದ. ದುಡ್ಡೂ ತಗೊಳ್ಳಲಿಲ್ಲ.

ಅವತ್ತಿನ ರಾತ್ರಿ ರೂಮಿನಲ್ಲಿ ಚರ್ಚೆ. ಸಿಎಸ್‌ನವನು ಓದಿಕೊಂಡಿದ್ದ. ಬಜ್ಜಿಗಳು ನಾಲ್ಕೈದು ತಿಂಗಳಿಗೇ ಮೊಟ್ಟೆ ಇಡೋ ಸ್ಥಿತಿಗೆ ಬರಬಹುದು, ಆದ್ರೆ ಮೈ ಇನ್ನೂ ಬಲಿತಿರಲ್ಲ. ಹೆಣ್ಣಿಗೆ ಕಮ್ಮಿ ಅಂದ್ರೆ ಹತ್ತು ತಿಂಗಳು, ಒಂದು ವರ್ಷ ಆಗಲಿ ಅಂತ ಬಲ್ಲವರು ಹೇಳ್ತಾರೆ ಅಂದ. ನಮ್ಮ ಲೆಕ್ಕದಲ್ಲಿ ಚಿತ್ರಾನ್ನಕ್ಕೆ ಆಗ ಆರು ತಿಂಗಳು. ಎಲ್ಲರೂ ಕೇಳಿಸಿಕೊಂಡ್ವಿ. "ಪ್ರಕೃತಿಗೆ ಗೊತ್ತಿರುತ್ತೆ ಬಿಡು", "ಸೆಮಿಸ್ಟರ್ ರಜೆ ಒಳಗೆ ಮರಿ ನೋಡ್ಬಹುದು", "ಇಷ್ಟ ಇಲ್ಲಾಂದ್ರೆ ಅದೇ ಒಳಗೆ ಹೋಗಲ್ಲ" ಅಂತ ಮೂರು ವೋಟು ಒಂದು ಕಡೆ, ಒಂದು ವೋಟು ಇನ್ನೊಂದು ಕಡೆ. ಮಾರನೇ ದಿನ ಮಡಿಕೆ ಕಟ್ಟಿದ್ವಿ. ಗೊತ್ತಿರಲಿಲ್ಲ ಅಂತ ಹೇಳೋ ಹಾಗಿಲ್ಲ. ಗೊತ್ತಿತ್ತು.

ಪ್ರಕೃತಿಗೆ ಏನು ಗೊತ್ತಿತ್ತು ಅಂತ ಆಮೇಲೆ ಯೋಚಿಸಿದ್ವಿ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಮಳೆ ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ. ಬಂದಾಗ ಹುಲ್ಲು ಚಿಗುರಿ, ಬೀಜ ಕಟ್ಟಿ, ನೆಲವೆಲ್ಲ ಕಾಳು. ಆಗ ಮರದ ಪೊಟರೆ ಸಿಕ್ಕಿದ ಹೆಣ್ಣು ತಡಮಾಡದೆ ಮೊಟ್ಟೆ ಇಡುತ್ತೆ. ಮಳೆ ನಿಂತರೆ, ಕಾಳು ಕಮ್ಮಿಯಾದರೆ, ಅದೂ ನಿಲ್ಲುತ್ತೆ. ನಮ್ಮ ರೂಮಿನಲ್ಲಿ ಏನಿತ್ತು? ಬಟ್ಟಲು ತುಂಬ ನವಣೆ, ಒಂದು ದಿನವೂ ಖಾಲಿಯಾಗಿದ್ದಿಲ್ಲ. ಪೊಟರೆ ಜಾಗಕ್ಕೆ ಮಡಿಕೆ. ಇನ್ನು ಬೆಳಕು. ಓದುವ ಮೇಜು ಪಂಜರದ ಪಕ್ಕವೇ ಇತ್ತು ಅಂದೆವಲ್ಲ, ಅಸೈನ್‌ಮೆಂಟು, ರೆಕಾರ್ಡು, ಗೇಮು ಅಂತ ರಾತ್ರಿ ಎರಡರ ತನಕ ಟ್ಯೂಬ್‌ಲೈಟ್ ಉರೀತಿತ್ತು. ಬೆಳಗ್ಗೆ ಆರಕ್ಕೆ ಸೂರ್ಯ. ಅಂದ್ರೆ ಆ ಹಕ್ಕಿಗಳಿಗೆ ದಿನಕ್ಕೆ ಇಪ್ಪತ್ತು ಗಂಟೆ ಹಗಲು. ಹತ್ತು ಹನ್ನೆರಡು ಗಂಟೆ ಕತ್ತಲಲ್ಲಿ ಮಲಗಬೇಕಾದ ಹಕ್ಕಿಗೆ ನಾಲ್ಕೇ ಗಂಟೆ ರಾತ್ರಿ. ಮಳೆ ಬಂದಿದೆ, ಕಾಳಿದೆ, ಗೂಡಿದೆ, ಹಗಲು ಮುಗಿಯೋದೇ ಇಲ್ಲ ಅಂತ ನಾವು ದಿನಾ ಅದರ ಮೈಗೆ ಸುಳ್ಳು ಹೇಳ್ತಿದ್ವಿ. ಮೈ ನಂಬಿತು.

ಮಡಿಕೆ ಕಟ್ಟಿದ ಎರಡನೇ ದಿನ ಇನ್ನೊಂದು ಸಂಗತಿ. ಅಷ್ಟು ದಿನ ತಲೆ ಕೆದಕಿಕೊಂಡಿದ್ದ ಚಿತ್ರಾನ್ನ, ಚಟ್ನಿ ಜಗಳಕ್ಕೆ ಬಿದ್ದವು. ಗೂಡು ಒಂದು, ಹೆಣ್ಣು ಎರಡು. ಬಜ್ಜಿಗಳಲ್ಲಿ ಗೂಡಿಗಾಗಿ ಕಾದಾಡೋದು ಹೆಣ್ಣೇ, ಅದೂ ಸುಮ್ಮನೆ ಗದರೋದಲ್ಲ. ನಾವು ಕ್ಲಾಸು ಮುಗಿಸಿ ಬರೋ ಹೊತ್ತಿಗೆ ಚಟ್ನಿಯ ಬೆರಳಿನಿಂದ ರಕ್ತ ಬಂದು ಬಿಳಿ ಗರಿಯೆಲ್ಲ ಕೆಂಪಾಗಿತ್ತು. ಮೆಕ್ಯಾನಿಕಲ್‌ನವನು ಅವತ್ತೇ ರಾತ್ರಿ ಪಂಜರದ ನಡುವೆ ಜಾರಿಸೋ ಮೆಶ್ ಬಾಗಿಲು ಮಾಡಿದ. ಒಂದು ಕಡೆ ಚಟ್ನಿ, ಪುದೀನ. ಇನ್ನೊಂದು ಕಡೆ ಚಿತ್ರಾನ್ನ, ಇಂಕು, ಮಡಿಕೆ. ಮಡಿಕೆ ತೆಗೆಯಬೇಕಿತ್ತು. ಪಾರ್ಟಿಷನ್ ಹಾಕಿದ್ವಿ. ಪ್ರಾಬ್ಲಂ ಸಾಲ್ವ್ ಆಯ್ತು ಅಂದುಕೊಂಡ್ವಿ.

ಜನವರಿ ಮೊದಲ ವಾರ, ಪರೀಕ್ಷೆ ನಡೀತಿತ್ತು. ಚಿತ್ರಾನ್ನ ಮಡಿಕೆ ಒಳಗೇ ಇರ್ತಿತ್ತು, ಇಂಕು ತೂತಿನ ಹತ್ತಿರ ಹೋಗಿ ಉಣಿಸ್ತಿತ್ತು. ಒಂದು ಬೆಳಗ್ಗೆ ಮೊಬೈಲ್ ಟಾರ್ಚ್ ಹಾಕಿ ನೋಡಿದ್ರೆ ಒಳಗೆ ಒಂದು ಮೊಟ್ಟೆ. ಹೆಬ್ಬೆರಳ ಉಗುರಿನಷ್ಟು, ಅಚ್ಚ ಬಿಳಿ. ಆಂಟಿ ಸಕ್ಕರೆ ಹಂಚಿದರು. ಒಂದು ದಿನ ಬಿಟ್ಟು ಒಂದು ದಿನ ಇನ್ನೊಂದು ಮೊಟ್ಟೆ ಬರಬೇಕು, ನಾಲ್ಕರಿಂದ ಆರು ಇಡುತ್ತೆ, ಒಂದೊಂದಕ್ಕೂ ಹದಿನೆಂಟು ದಿನ ಕಾವು. ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖು ಗುರುತು ಹಾಕಿದ್ವಿ.

ಎರಡನೇ ಮೊಟ್ಟೆ ಬರಲಿಲ್ಲ. ಮೂರನೇ ದಿನ ಮಧ್ಯಾಹ್ನ ಪರೀಕ್ಷೆ ಬರೆದು ಬಂದಾಗ ಚಿತ್ರಾನ್ನ ಪಂಜರದ ತಳದಲ್ಲಿ, ಪೇಪರಿನ ಮೇಲೆ, ಗರಿ ಉಬ್ಬಿಸಿಕೊಂಡು ಕೂತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡ್ತಿತ್ತು. ಆಗಾಗ ಮೈ ಬಿಗಿ ಹಿಡಿದು ಮುಕ್ಕರಿತಿತ್ತು. ಇಂಕು ಕೆಳಗಿಳಿದು ಬಂದು ಕೊಕ್ಕು ಚಾಚಿ ಉಣಿಸೋಕೆ ನೋಡ್ತಿತ್ತು. ಚಿತ್ರಾನ್ನ ಬಾಯಿ ತೆರೀಲಿಲ್ಲ.

ಶೂ ಡಬ್ಬಿಯಲ್ಲಿ ಟವೆಲ್ ಹಾಸಿ, ಬೈಕಿನಲ್ಲಿ ದನದ ಆಸ್ಪತ್ರೆಗೆ ಹೋದ್ವಿ. ಡಾಕ್ಟ್ರು ಒಂದು ಎಮ್ಮೆಗೆ ಇಂಜೆಕ್ಷನ್ ಕೊಡ್ತಿದ್ದರು. ಕೈ ತೊಳೆದು ಬಂದು ಬೆರಳ ತುದಿಯಲ್ಲಿ ಮೆಲ್ಲಗೆ ಹೊಟ್ಟೆ ಮುಟ್ಟಿ ನೋಡಿದರು. ಮೊಟ್ಟೆ ಒಳಗೆ ಸಿಕ್ಕಿಕೊಂಡಿದೆ ಅಂದರು. ಕ್ಯಾಲ್ಸಿಯಂ ಕೊಟ್ಟರು. "ಬೆಚ್ಚಗಿಡಿ, ತೇವ ಇರಲಿ. ಹೊರಗೆ ಬಂದ್ರೆ ಅದೃಷ್ಟ" ಅಂದರು. ಆಮೇಲೆ ಕೇಳಿದರು, "ಎಷ್ಟು ತಿಂಗಳಿಂದು?"

ಹೇಳಿದ್ವಿ.

"ಕಡಲ ನೊರೆ ಇಟ್ಟಿದ್ರಾ? ಸುಣ್ಣದ ಅಂಶ ಏನಾದ್ರೂ?"

ಕಡಲ ನೊರೆ, ಅಂಗಡಿಯವರು ಕಟಲ್ ಬೋನ್ ಅನ್ನೋದು, ನಮ್ಮ ಸಾಮಾನಿನ ಪಟ್ಟಿಯಲ್ಲಿತ್ತು. ಅಕ್ಟೋಬರಿನಿಂದಲೂ ಇತ್ತು. ಮೊಟ್ಟೆಯ ಚಿಪ್ಪಿಗೂ ಕ್ಯಾಲ್ಸಿಯಂ ಬೇಕು, ಮೊಟ್ಟೆಯನ್ನ ಹೊರಗೆ ತಳ್ಳುವ ಸ್ನಾಯುವಿಗೂ ಬೇಕು. ಬರೀ ನವಣೆಯಲ್ಲಿ ಅದು ಸಾಲುವಷ್ಟು ಇರೋದಿಲ್ಲ.

ಡಾಕ್ಟ್ರು ಬೈಯಲಿಲ್ಲ. "ಮಡಿಕೆ ಯಾಕ್ರಪ್ಪಾ ಕಟ್ಟಿದ್ರಿ ಇಷ್ಟು ಬೇಗ?" ಅಂತಷ್ಟೇ ಅಂದರು. ಬೈದಿದ್ರೇ ವಾಸಿಯಿತ್ತು.

ರೂಮಿಗೆ ಬಂದು ಶೂ ಡಬ್ಬಿಗೆ ಹಳೇ ಗುಂಡು ಬಲ್ಬ್ ಇಳಿಬಿಟ್ವಿ, ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ವಿ. ಆಂಟಿ ಒಂದು ಲೋಟ ಬಿಸಿನೀರು ತಂದುಕೊಟ್ಟು, ಕೆಳಗೆ ಹೋಗದೆ ಬಾಗಿಲ ಹತ್ತಿರವೇ ಕೂತರು. ಮರುದಿನ ಇನ್ನೊಂದು ಪೇಪರ್ ಇತ್ತು. ಪುಸ್ತಕ ತೆರೆದಿಟ್ಟುಕೊಂಡು ಯಾರೂ ಓದಲಿಲ್ಲ. ರಾತ್ರಿ ಮೂರು ಗಂಟೆ ಸುಮಾರಿಗೆ ಚಿತ್ರಾನ್ನ ಒಂದು ಸಲ ರೆಕ್ಕೆ ಬಿಚ್ಚಿತು, ಅಷ್ಟೇ. ಮೂವತ್ತು ನಲವತ್ತು ಗ್ರಾಂ ತೂಗುವ ಜೀವ. ಕೈಯಲ್ಲಿ ಹಿಡಿದರೆ ಭಾರವೇ ಗೊತ್ತಾಗ್ತಿರಲಿಲ್ಲ.

ಬೆಳಗ್ಗೆ ಸೀಬೆ ಮರದ ಬುಡದಲ್ಲಿ ಮಣ್ಣು ಮಾಡಿ ಪರೀಕ್ಷೆಗೆ ಹೋದ್ವಿ. ಆ ಪೇಪರಿನಲ್ಲಿ ಎಷ್ಟು ಬಂತು ಅಂತ ಕೇಳಬೇಡಿ.

ಆಮೇಲೆ ಮಾಡಿದ್ದೆಲ್ಲ ಮೊದಲೇ ಮಾಡಬೇಕಿದ್ದ ಕೆಲಸ. ಮಡಿಕೆ ತೆಗೆದ್ವಿ. ನಡುವಿನ ಬಾಗಿಲು ಎತ್ತಿದ್ವಿ, ಮೂರಕ್ಕೂ ನಾಲ್ಕಡಿ ಉದ್ದ ಸಿಕ್ಕಿತು. ಪಂಜರವನ್ನ ಓದುವ ಮೇಜಿನಿಂದ ಒಳಗಿನ ಕೋಣೆಗೆ ಒಯ್ದ್ವಿ. ಸಂಜೆ ಏಳಕ್ಕೆ ಹಳೇ ಪಂಚೆ ಹೊದಿಸ್ತೀವಿ, ಬೆಳಗ್ಗೆ ಏಳಕ್ಕೆ ತೆಗೀತೀವಿ, ಒಂದು ಕಡೆ ಗಾಳಿಗೆ ಬಿಟ್ಟು. ನವಣೆ ಜೊತೆ ಕೊತ್ತಂಬರಿ, ನುಗ್ಗೆ ಸೊಪ್ಪು, ತುರಿದ ಕ್ಯಾರೆಟ್. ಕಡಲ ನೊರೆಯ ತುಂಡು ಯಾವಾಗಲೂ ತೂಗುತ್ತಿರುತ್ತೆ. ಚಟ್ನಿ ಒಂದೆರಡು ಸಲ ಬಟ್ಟಲ ಹಿಂದಿನ ಮೂಲೆಯನ್ನೇ ಗೂಡು ಮಾಡಿಕೊಳ್ಳೋಕೆ ಹೊರಟಿತ್ತು. ಬಟ್ಟಲ ಜಾಗ ಬದಲಿಸಿದ್ವಿ, ಕಡಿಯೋಕೆ ಸೀಬೆ ಕೊಂಬೆಯ ತೊಗಟೆ ಕೊಟ್ವಿ. ಸುಮ್ಮನಾಯ್ತು. ಈಗ ಅದಕ್ಕೆ ವಯಸ್ಸಾಗಿದೆ, ಮೊಟ್ಟೆ ಇಡಿಸಬಹುದು. ಇಡಿಸೋದಿಲ್ಲ. ಹುಟ್ಟುವ ಐದಾರು ಮರಿಗಳನ್ನ ಯಾರಿಗೆ ಕೊಡೋದು, ಅವರು ಯಾವಾಗ ಮಡಿಕೆ ಕಟ್ಟುತ್ತಾರೆ ಅನ್ನೋದಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲ.

ಇಂಕುವಿನ ವಿಷಯ ಒಂದು ಉಳಿದಿದೆ. ಚಿತ್ರಾನ್ನ ಹೋಗಿ ನಾಲ್ಕೈದು ದಿನದ ಮೇಲೆ, ಬೆಳಗ್ಗೆ ಪಂಚೆ ತೆಗೆಯುವ ಮೊದಲು ಒಳಗಿಂದ ಚಿತ್ರಾನ್ನದ ಕರೆ ಕೇಳಿಸಿತು. ಬೆಟ್ಟ ಹತ್ತಿ, ಇಳಿದು, ಮತ್ತೆ ಚೂರು ಹತ್ತೋದು. ನಾವು ನಾಲ್ಕೂ ಜನ ಎದ್ದು ಕೂತ್ವಿ. ಪಂಚೆ ಎತ್ತಿದ್ರೆ ಇಂಕು. ಇ ಅಂಡ್ ಸಿಯವನು ಅವತ್ತೇ ರೆಕಾರ್ಡ್ ಮಾಡಿ, ಹಳೇ ಫೈಲಿನ ಪಕ್ಕ ಇಟ್ಟು ಸ್ಪೆಕ್ಟ್ರೋಗ್ರಾಂ ತೆಗೆದ. ನೇರ ಇಳಿಯೋ ಗೆರೆ ಹೋಗಿ, ಹೆಚ್ಚುಕಮ್ಮಿ ಚಿತ್ರಾನ್ನದ್ದೇ ಆಕಾರ. ಗಂಡು ಬಜ್ಜಿ ಜೋಡಿಯಾದ ಮೇಲೆ ತನ್ನ ಹೆಣ್ಣಿನ ಕರೆಯನ್ನ ಕಲೀತದೆ, ದಿನ ಕಳೆದಂತೆ ಅದರದ್ದೇ ಕರೆಯಲ್ಲಿ ಅದನ್ನ ಕೂಗುತ್ತದೆ ಅಂತ ಆಮೇಲೆ ಓದಿದ್ವಿ. ನಾವು ಮರಿ ಯಾವಾಗ ಬರುತ್ತೆ ಅಂತ ಕ್ಯಾಲೆಂಡರ್ ನೋಡ್ತಿದ್ದ ವಾರಗಳಲ್ಲಿ ಇಂಕು ಅದನ್ನ ಕಲೀತಾ ಇತ್ತು. ಅದು ದುಃಖವೋ ಅಭ್ಯಾಸಬಲವೋ ನಾವು ಹೇಳಲ್ಲ. ಒಮ್ಮೆ ಜೋಡಿ, ಗಂಡ ಹೆಂಡತಿ ಅಂತ ಹೆಸರಿಟ್ಟು ಕೈ ಸುಟ್ಟುಕೊಂಡಾಗಿದೆ.

ಈಗ ನಾವು ಏಳನೇ ಸೆಮಿಸ್ಟರ್. ಜೂನ್ ಹೊತ್ತಿಗೆ ರೂಮು ಖಾಲಿ ಮಾಡ್ತೀವಿ. ನಾಲ್ಕು ಜನ ನಾಲ್ಕು ಊರಿಗೆ. ಒಂದೊಂದು ಹಕ್ಕಿ ಒಬ್ಬೊಬ್ಬರು ಒಯ್ಯೋಣ ಅಂದ್ರೆ ಹಿಂಡಿನ ಹಕ್ಕಿಯನ್ನ ಒಂಟಿ ಮಾಡಿದ ಹಾಗಾಗುತ್ತೆ. ಆಂಟಿಗೆ ಮಂಡಿ ನೋವು, ದಿನಾ ಮೆಟ್ಟಿಲು ಹತ್ತೋಕಾಗಲ್ಲ. ಅದಕ್ಕೇ ಈ ಬರಹದ ಕೊನೆಗೊಂದು ಕೋರಿಕೆ. ಜೂನಿಯರ್‌ಗಳಲ್ಲಿ ಯಾರಿಗಾದ್ರೂ ಇವು ಬೇಕಿದ್ರೆ ದುಡ್ಡು ಬೇಡ, ಪಂಜರವೂ ನಿಮ್ಮದೇ. ಮೂರೂ ಒಟ್ಟಿಗೇ ಇರಬೇಕು, ರಾತ್ರಿ ಏಳಕ್ಕೆ ಕತ್ತಲಾಗಬೇಕು, ಮಡಿಕೆ ಕಟ್ಟಬಾರದು. ಅಷ್ಟೇ ಷರತ್ತು. ಕೊಡೋ ಮೊದಲು ಒಂದು ವಾರ ಸಂಜೆ ಬಂದು ಸುಮ್ಮನೆ ಕೂತು ನೋಡಬೇಕು. ಯಾವುದು ಯಾರ ಜೋಡಿ ಅಂತ ಮೊದಲ ದಿನವೇ ಹೇಳಿದವರಿಗೆ ಕೊಡಲ್ಲ.

ಐದೂವರೆಗೆ ಬನ್ನಿ. ಗೇಟು ತೆಗೆದೇ ಇರುತ್ತೆ. ಮೆಟ್ಟಿಲು ಹತ್ತುವಾಗ ಬೆಟ್ಟ ಹತ್ತಿ ಇಳಿಯೋ ಹಾಗೆ ಒಂದು ಸಣ್ಣ ಕೂಗು ಕೇಳಿದ್ರೆ, ಅದು ಇಂಕು.